ಲೇಟ್ ಕಾಲಂ

ನಮ್ಮ ಊರಿನ ಪತ್ರಿಕೆಯ ಎರಡನೆಯ ಪುಟದಲ್ಲಿ ಎಡತುದಿಯ ಕಾಲಂ ನನ್ನದು. ಬರುವ ಯುಗಾದಿಗೆ ಅದನ್ನು ಬರೆಯಲು ತೊಡಗಿ ಹದಿನೈದು ವರ್ಷ ತುಂಬುತ್ತದೆ. ತಲೆಬರಹ ‘ಲೇಟ್’ ಎಂದಷ್ಟೆ. ಕೆಳಗೆ ಹೆಸರು, ವಯಸ್ಸು, ಹೊರಟ ದಿನ ಮತ್ತು ಗಂಟೆ, ಬಂದ ದಿನ ಮತ್ತು ಗಂಟೆ, ಒಟ್ಟು ಎಷ್ಟು ಲೇಟ್, ಇಬ್ಬರು ಸಾಕ್ಷಿಗಳ ಹೆಸರು. ಗುಣಗಾನಕ್ಕೆ ಜಾಗವಿಲ್ಲ. ಈವರೆಗೆ ಆರುನೂರ ಹದಿನಾಲ್ಕು ಜನ ಬಂದುಹೋದದ್ದನ್ನು ನಾನು ಬರೆದಿದ್ದೇನೆ. ಎರಡು ಬಾರಿ ಮಾತ್ರ ತಿದ್ದುಪಡಿ ಹಾಕಬೇಕಾಯಿತು.

ಬೇರೆ ಊರುಗಳಲ್ಲಿ ಈ ಪದವನ್ನು ಎಲ್ಲದಕ್ಕೂ ಬಳಸುತ್ತಾರೆಂದು ಕೇಳಿದ್ದೇನೆ. ಬಸ್ಸು ಲೇಟ್, ಸಂಬಳ ಲೇಟ್, ಹುಡುಗಿಗೆ ಮದುವೆ ಲೇಟ್ ಎನ್ನುತ್ತಾರಂತೆ. ಅದೇ ಪದವನ್ನು ತೀರಿಕೊಂಡವರ ಹೆಸರಿಗೆ ಮೊದಲೂ ಬರೆಯುತ್ತಾರಂತೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದೇ ಅಲ್ಲಿಯವರ ತಿಳಿವಳಿಕೆ. ನಮ್ಮಲ್ಲಿ ಪದ ಒಂದು, ಅರ್ಥವೂ ಒಂದು. ನಮ್ಮ ಬಸ್ಸು ತಡವಾಗುತ್ತದೆ, ಅಡುಗೆಗೆ ಹೊತ್ತಾಗುತ್ತದೆ, ಮಳೆ ಹಿಂದಾಗುತ್ತದೆ. ಲೇಟ್ ಆಗುವುದು ಮನುಷ್ಯರು ಮಾತ್ರ. ಲೇಟ್ ಆದವರು ಬರುತ್ತಾರೆ. ಬಂದು ಹೋದ ಮೇಲೆ ಹೆಸರಿಗೆ ಮೊದಲಿದ್ದ ‘ಲೇಟ್’ ತೆಗೆದು ‘ಬಂದುಹೋದ’ ಎಂದು ಬರೆಯುತ್ತೇವೆ.

ನಾಲ್ಕು ವರ್ಷದ ಹಿಂದೆ ಬಸ್ ನಿಲ್ದಾಣಕ್ಕೆ ಹೊರಗಿನಿಂದ ಒಬ್ಬ ಕಂಟ್ರೋಲರ್ ಬಂದಿದ್ದ. ಬಂದ ಎರಡನೆಯ ದಿನ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಹನ್ನೊಂದರ ಬಸ್, ಡ್ರೈವರ್ ಮಲ್ಲೇಶಿ, ಲೇಟ್’ ಎಂದು ಬರೆದ. ಅರ್ಧ ಗಂಟೆಯೊಳಗೆ ಮಲ್ಲೇಶಿಯ ಮನೆ ಮುಂದೆ ಬೀದಿಯ ಹೆಂಗಸರೆಲ್ಲ ಸೇರಿದ್ದರು. ಮಲ್ಲೇಶಿ ಪಂಕ್ಚರ್ ಹಾಕಿಸಿಕೊಂಡು ಬಂದು ಬಸ್ಸು ನಿಲ್ಲಿಸಿ, ಊಟಕ್ಕೆಂದು ಮನೆಗೆ ಹೋದರೆ ಹೆಂಡತಿ ನೀರಿನ ಲೋಟ ಹಿಡಿದು, “ಇಲ್ಲ, ಲೇಟಾಗಿಲ್ಲ, ಈಗಷ್ಟೇ ನೆನೆಸ್ಕೊಂಡೆ” ಎಂದಳು. ತಾನು ಸತ್ತಿರಬಹುದೇ ಎಂದು ತನಗೂ ಸ್ವಲ್ಪ ಹೊತ್ತು ಅನುಮಾನವಾಗಿತ್ತು ಎಂದು ಅವನು ಆಮೇಲೆ ನನಗೆ ಹೇಳಿದ. ಹಲಗೆಯ ಆ ಬರಹಕ್ಕೆ ಕಾಲಂನಲ್ಲಿ ಹಾಕಿದ್ದು ನನ್ನ ಎರಡು ತಿದ್ದುಪಡಿಗಳಲ್ಲಿ ಒಂದು.

ಬರುವವರು ಯಾವಾಗ ಬರುತ್ತಾರೆಂದು ಹೇಳಲಾಗದು. ಕ್ಷೌರಿಕ ಕಂಪಣ್ಣ ನಲವತ್ತು ನಿಮಿಷಕ್ಕೇ ಬಂದ. ಆಸ್ಪತ್ರೆಯಿಂದ ಅವನ ದೇಹ ತರಲು ಮಕ್ಕಳು ಇನ್ನೂ ಗಾಡಿ ಹುಡುಕುತ್ತಿದ್ದರು. ಮೇದಾರರ ಈರಜ್ಜಿ ಬಂದದ್ದು ಮೂವತ್ತೊಂದು ವರ್ಷಕ್ಕೆ. ಆಗ ಅವಳಿಗೆ ನೀರು ಕೊಟ್ಟವಳು ಅವಳು ಕಣ್ಣಲ್ಲಿ ನೋಡಿರದ ಮರಿಮಗಳು. ಹೊರಟ ದಿನ ಹೇಗಿದ್ದರೋ ಹಾಗೆಯೇ ಬರುತ್ತಾರೆ. ಜಗಲಿಯ ಮೇಲೆ ಕೂರುತ್ತಾರೆ, ನೀರು ಕುಡಿಯುತ್ತಾರೆ, ಕೊನೆಗೆ “ಲೇಟಾಯ್ತಾ?” ಎಂದು ಕೇಳುತ್ತಾರೆ. ಮನೆಯವರು “ಇಲ್ಲ” ಎನ್ನಬೇಕು. ಅವರು ಸುತ್ತ ಒಮ್ಮೆ ನೋಡಿ ಎದ್ದು ಹೋಗುತ್ತಾರೆ. “ಹೌದು” ಎಂದು ಹೇಳಿದವರ ಉದಾಹರಣೆ ನನ್ನ ಕಡತದಲ್ಲಿ ಒಂದೂ ಇರಲಿಲ್ಲ. ಬಂದವರಿಗೆ ಹಾಗೆ ಅನ್ನಬಾರದು, ಅಷ್ಟೆ.

ಉತ್ತರ ಮನೆಯವರದೇ ಆಗಬೇಕು. ಅದಕ್ಕಾಗಿ ಪುರಸಭೆಯಲ್ಲಿ ಹೊಸ್ತಿಲ ಪುಸ್ತಕ ಇದೆ. ಯಾರು ಯಾವ ಬಾಗಿಲಿಗೆ ಬರತಕ್ಕವರು, ಬಂದಾಗ ಉತ್ತರ ಕೊಡತಕ್ಕವರು ಯಾರು ಎಂದು ಅದರಲ್ಲಿ ಬರೆದಿರುತ್ತದೆ. ಉತ್ತರ ಕೊಡುವವರಿಲ್ಲದಿದ್ದರೆ ಏನಾಗುತ್ತದೆಂದು ನೋಡಲು ಹಳೇ ಕೋರ್ಟಿನ ಹಿಂದಿನ ಬೀದಿಗೆ ಹೋದರೆ ಸಾಕು. ಸ್ಟಾಂಪ್ ವೆಂಡರ್ ತ್ರ್ಯಂಬಕರಾಯರು ಮದುವೆಯಾಗದವರು, ಬಾಡಿಗೆ ಕೋಣೆಯಲ್ಲಿದ್ದವರು. ಲೇಟ್ ಆಗಿ ಮೂರನೆಯ ವಾರಕ್ಕೇ ಬಂದರು. ಬಂದು ಹನ್ನೊಂದು ವರ್ಷವಾಯಿತು, ಹೋಗಿಲ್ಲ. ಬಾಗಿಲ ಪಕ್ಕ ಗೋಡೆಗೆ ತಾಗಿ ನಿಂತಿದ್ದಾರೆ. ದಾರಿಹೋಕರನ್ನು “ಲೇಟಾಯ್ತಾ?” ಎಂದು ಕೇಳುತ್ತಾರೆ. “ಇಲ್ಲ ರಾಯರೇ” ಎಂದು ಎಲ್ಲರೂ ಹೇಳುತ್ತಾರೆ. ಅದು ಲೆಕ್ಕಕ್ಕೆ ಬರುವುದಿಲ್ಲ. ಈಗ ಆ ಕೋಣೆಯಲ್ಲಿರುವವರು ಒಳ್ಳೆಯವರು. “ಸ್ವಲ್ಪ ಸರೀರಿ ರಾಯರೇ” ಎಂದು ಸೈಕಲ್ಲು ಒಳಗೆ ತಳ್ಳಿಕೊಳ್ಳುತ್ತಾರೆ, ಮಳೆ ಬಂದರೆ ಅವರ ತಲೆಯ ಮೇಲೆ ಗೋಣಿಚೀಲ ಹಾಕುತ್ತಾರೆ.

ನೀಲಗಂಗಮ್ಮನ ಮನೆ ದರ್ಜಿ ಬೀದಿಯಲ್ಲಿ. ಗಂಡ ಓಂಕಾರಪ್ಪ ದರ್ಜಿ. ಒಂದು ದಿನ ಬೆಳಿಗ್ಗೆ ಹತ್ತು ನಲವತ್ತಕ್ಕೆ, ಶಾಲೆಯ ಯೂನಿಫಾರಂಗೆ ಗುಂಡಿ ತರುತ್ತೇನೆ, ಅರ್ಧ ಗಂಟೆ ಎಂದು ಹೇಳಿ ಹೋದ. ಮಾರುಕಟ್ಟೆ ಸರ್ಕಲ್ಲಿನಲ್ಲಿ ಲಾರಿ ಹಾಯಿತು. ಆಗ ಅವನಿಗೆ ಮೂವತ್ತಮೂರು, ಅವಳಿಗೆ ಇಪ್ಪತ್ತೆಂಟು. ಮಕ್ಕಳಿರಲಿಲ್ಲ. ಅವಳು ಅದೇ ಮಿಷನ್ನಿನ ಮುಂದೆ ಕೂತು ಉಳಿದ ಯೂನಿಫಾರಂ ಹೊಲಿದು ಮುಗಿಸಿದಳು. ಅಲ್ಲಿಂದ ಮುಂದೆ ಹೊಲಿಯುತ್ತಲೇ ಇದ್ದಾಳೆ.

ನಾನು ಕಾಲಂ ವಹಿಸಿಕೊಂಡಾಗ ಓಂಕಾರಪ್ಪ ನಾಲ್ಕು ವರ್ಷ ಎಂಟು ತಿಂಗಳು ಲೇಟ್ ಆಗಿದ್ದ. ಲೇಟ್ ಇರುವವರ ಮನೆಗೆ ತಿಂಗಳಿಗೊಮ್ಮೆ ಹೋಗಿ ವಿಚಾರಿಸುವುದು ನನ್ನ ಕೆಲಸ. ಎರಡು ತಿಂಗಳು ಜ್ವರ ಬಂದದ್ದನ್ನು ಬಿಟ್ಟರೆ ನಾನು ತಪ್ಪಿಸಿಲ್ಲ. ಮೊದಮೊದಲು ಬಾಗಿಲಲ್ಲೇ ನಿಂತು “ಬಂದ್ರಾ?” ಎಂದು ಕೇಳುತ್ತಿದ್ದೆ. ಅವಳು ಮಿಷನ್ನಿನಿಂದ ತಲೆ ಎತ್ತದೆ “ಇಲ್ಲ” ಎನ್ನುತ್ತಿದ್ದಳು. ಕೆಲವು ವರ್ಷಗಳ ನಂತರ ಉತ್ತರ ಬದಲಾಯಿತು.

“ಬಂದ್ರಾ?”

“ಇಲ್ಲ ಪೇಪರ್ನೋರೇ. ನೀವು ಬಂದ್ರಿ.”

ಅಂದಿನಿಂದ ಟೀ ಶುರುವಾಯಿತು. ಪಕ್ಕದ ಮನೆಯ ಹಸೀನಾಬಿ ಗೋಡೆಯ ಆಚೆಯಿಂದ ನೋಡಿ, “ಏನ್ ಸಾಹೇಬ್ರೇ, ಲೇಟಾದೋರ್ನ ವಿಚಾರ್ಸೋಕೆ ಬಂದು ಇರೋರ ಹತ್ರ ಟೀ ಕುಡೀತೀರಲ್ಲ! ಇದನ್ನೂ ಪೇಪರಲ್ಲಿ ಹಾಕ್ತೀರಾ?” ಎನ್ನುತ್ತಿದ್ದಳು.

“ಹಾಕೋದಕ್ಕೆ ಇಬ್ರು ಸಾಕ್ಷಿ ಬೇಕು,” ಎಂದೆ ಒಮ್ಮೆ.

“ಒಬ್ಳು ನಾನಿದೀನಿ. ಇನ್ನೊಬ್ರನ್ನ ಕರೀಲಾ?”

ನೀಲಗಂಗಮ್ಮ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ನಕ್ಕಳು. ನಾನು ಅವಳ ನಗು ಕಂಡದ್ದು ಅದೇ ಮೊದಲು. ಆಗ ಓಂಕಾರಪ್ಪ ಲೇಟ್ ಆಗಿ ಹನ್ನೆರಡು ವರ್ಷ ಏಳು ತಿಂಗಳಾಗಿತ್ತು.

ನಾನು ಮುದ್ರಣಾಲಯದ ಮೇಲಿನ ಕೋಣೆಯಲ್ಲಿದ್ದೆ. ಹದಿನೆಂಟು ಮೆಟ್ಟಿಲು. ಐವತ್ತೆರಡನೆಯ ವಯಸ್ಸಿನಲ್ಲಿ ಹನ್ನೆರಡನೆಯ ಮೆಟ್ಟಿಲಿನಲ್ಲಿ ಕೂತು ಸುಧಾರಿಸಿಕೊಳ್ಳಬೇಕಾಯಿತು. ಡಾಕ್ಟರು ಎದೆಗೆ ಯಂತ್ರ ಹಚ್ಚಿ ಗೆರೆಗಳ ಕಾಗದ ನೋಡಿದರು. ಹೃದಯ ದೊಡ್ಡದಾಗಿದೆ ಎಂದರು. ಅದನ್ನು ಹೊಗಳಿಕೆ ಎಂದುಕೊಳ್ಳುವಷ್ಟು ಮೂಢ ನಾನಲ್ಲ. ಎಷ್ಟು ದಿನ ಎಂದು ಕೇಳಿದೆ. “ಹೇಳಕ್ಕಾಗಲ್ಲ. ಹುಷಾರಾಗಿದ್ರೆ ವರ್ಷಗಟ್ಟಲೆ. ಇಲ್ದಿದ್ರೆ ಇಲ್ಲ,” ಎಂದರು. ಹಿಂದಿರುಗುವಾಗ ಹಳೇ ಕೋರ್ಟಿನ ಬೀದಿಯಲ್ಲಿ ಬಂದೆ. ಅದು ನನ್ನ ದಾರಿಯಲ್ಲ. ತ್ರ್ಯಂಬಕರಾಯರು “ಲೇಟಾಯ್ತಾ?” ಎಂದು ಕೇಳಿದರು. “ಇಲ್ಲ ರಾಯರೇ,” ಎಂದೆ. ಹೊಸ್ತಿಲ ಪುಸ್ತಕದಲ್ಲಿ ನನ್ನ ಹೆಸರಿನ ಎದುರು ಮುದ್ರಣಾಲಯದ ಮೆಟ್ಟಿಲು ಎಂದಿದೆ. ಉತ್ತರ ಕೊಡತಕ್ಕವರ ಜಾಗ ಖಾಲಿ.

ಮರುತಿಂಗಳು ನೀಲಗಂಗಮ್ಮನ ಮನೆಗೆ ಹೋದಾಗ ಟೀ ಮುಗಿಯುವವರೆಗೆ ಕಾದು ಹೇಳಿದೆ.

“ನನಗೊಂದು ಬಾಗಿಲು ಬೇಕಾಗಿದೆ.”

“ಬಡಗಿ ಚೌಡಾಚಾರಿ ಮನೆ ಆ ಕಡೆ,” ಎಂದಳು. ಆಮೇಲೆ ನನ್ನ ಮುಖ ನೋಡಿ ಮಿಷನ್ನಿನ ಚಕ್ರವನ್ನು ಅಂಗೈಯಿಂದ ಹಿಡಿದು ನಿಲ್ಲಿಸಿದಳು. ನಾನು ಡಾಕ್ಟರು ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳಿದೆ. ಅವಳು ಸೂಜಿಯಿಂದ ದಾರ ಬಿಡಿಸಿ ಸುತ್ತಿಟ್ಟಳು.

“ನಂಗೂ ಆಸೆ ಇಲ್ಲ ಅಂತಲ್ಲ,” ಎಂದಳು ಕೊನೆಗೆ. “ಆದ್ರೆ ಈ ಬಾಗಿಲಿಗೆ ಒಬ್ರು ಬರೋದಿದೆಯಲ್ಲ.”

ಅದು ನಿಜ. ಲೇಟ್ ಇರುವವನ ಹೆಂಡತಿ ಮತ್ತೆ ಮದುವೆಯಾಗುವ ಪದ್ಧತಿ ನಮ್ಮಲ್ಲಿಲ್ಲ. ಅವನು ಬಂದುಹೋದ ಮೇಲೆ ಅಡ್ಡಿಯಿಲ್ಲ. ಎಷ್ಟೋ ಜನ ಆಗಿದ್ದಾರೆ.

ನಮ್ಮ ಸಂಪಾದಕ ಪರಶುರಾಮಯ್ಯನವರು ಒಬ್ಬರ ಮುಖ ನೋಡಿಯೇ ಸುದ್ದಿ ತಿಳಿಯುವವರು. ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಬಿಳಿ ಹಾಳೆ ಇಟ್ಟರು.

“ಮೂರು ಸಾಲು ಬರಿ ಮಾರಾಯ. ಹದಿನೆಂಟು ವರ್ಷ ಆಗ್ತಾ ಬಂತು, ಇನ್ನೇನು ಬರ್ತಾನೆ ಅವನು? ಸಾಕ್ಷಿ ನಾನು ಹಾಕ್ತೀನಿ. ಆ ಹಸೀನಾಬಿಯಂತೂ ಎರಡು ಕೈಯಲ್ಲೂ ರುಜು ಹಾಕ್ತಾಳೆ.”

“ಬಂದಿಲ್ವಲ್ಲ ಸಾರ್.”

“ಬಂದ ಅಂತ ಬರೆದ್ರೆ ಊರಲ್ಲಿ ಒಬ್ಬನೇ ಒಬ್ಬ ಬೇಡ ಅಂತಾನಾ? ಎಲ್ರೂ ಕಾಯ್ತಿರೋದೇ ಅದಕ್ಕೆ.”

ನಾನು ಬರೆದೆ. ಅದನ್ನು ಮುಚ್ಚಿಡುವುದಿಲ್ಲ. ‘ಲೇಟ್ ಓಂಕಾರಪ್ಪ (33), ದರ್ಜಿ. ಮಂಗಳವಾರ ಬೆಳಿಗ್ಗೆ 11.10ಕ್ಕೆ ಬಂದುಹೋದರು. ನೀರು ಕುಡಿದರು.’ ಅಚ್ಚಿನ ಮೊಳೆ ಜೋಡಿಸಿ ಕರಡು ತೆಗೆಸಿದೆ. ಶಾಯಿ ಆರುವ ಮುಂಚೆ ನೀಲಗಂಗಮ್ಮನಿಗೆ ತೋರಿಸಲು ಒಯ್ದೆ. ಸುಳ್ಳಾದರೂ ವಿವರ ಸರಿಯಿರಬೇಕು ಎಂಬುದು ನನ್ನ ಅಭ್ಯಾಸ.

ಅವಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

“ಯಾವ ಶರ್ಟು?”

“ಏನು?”

“ಬಂದಾಗ ಯಾವ ಶರ್ಟು ಹಾಕ್ಕೊಂಡಿದ್ರು? ಬರ್ದಿರೋರು ನೀವು. ನಿಮಗೆ ಗೊತ್ತಿರ್ಬೇಕಲ್ಲ.”

ನಾನು ಗೋಡೆಯ ಮೇಲಿದ್ದ ಅವನ ಫೋಟೋದತ್ತ ನೋಡಿದೆ.

“ಇದು ಅಚ್ಚಾಯ್ತು ಅಂದ್ಕೊಳ್ಳಿ,” ಎಂದಳು. “ನಾಳೆ ಅವ್ರು ನಿಜವಾಗ್ಲೂ ಬಂದ್ರೆ ನಾನೇನು ಹೇಳ್ಲಿ? ಪೇಪರಲ್ಲಿ ನೀವಾಗ್ಲೇ ಬಂದುಹೋಗಿದೀರಿ, ತಿರುಗಿ ಹೊರಡಿ ಅಂತ ಹೇಳ್ಲಾ? ಆ ರಾಯರ ಥರ ಇಲ್ಲೇ ಬಾಗಿಲಲ್ಲಿ ನಿಲ್ತಾರೆ. ನಾನೂ ನೀವೂ ಅವ್ರನ್ನ ದಾಟ್ಕೊಂಡು ತರಕಾರಿ ತರೋಕೆ ಹೋಗ್ಬೇಕು.”

ನಾನು ಕರಡನ್ನು ಮಡಚಲು ಕೈ ಚಾಚಿದೆ. ಅವಳು ಕೊಡಲಿಲ್ಲ. ತಿರುಗಿಸಿ ಹಿಂದಿನ ಬಿಳಿ ಮಗ್ಗುಲು ಮೇಲೆ ಮಾಡಿ ನನ್ನ ಮುಂದಿಟ್ಟಳು.

“ಬರ್ಕೊಳ್ಳಿ. ನಾನು ಹೇಳ್ದಂಗೆ ಬರ್ಕೊಳ್ಳಿ.”

ಅವಳು ಹೇಳಿದ್ದು ಇಷ್ಟು: ‘ನನ್ನ ಯಜಮಾನರು ಲೇಟ್ ಓಂಕಾರಪ್ಪನವರು ಗುಂಡಿ ತರಲು ಹೋದವರು ಈವರೆಗೆ ಬಂದಿಲ್ಲ. ಹದಿನೇಳು ವರ್ಷ ಹನ್ನೊಂದು ತಿಂಗಳಾಯಿತು. ಬಹಳ ಲೇಟಾಗಿದೆ. ನಾನು ಮದುವೆಯಾಗುತ್ತಿದ್ದೇನೆ. ಮನೆ ಬದಲಾಯಿಸುವುದಿಲ್ಲ. ಅವರು ಬಂದಾಗ ಬಾಗಿಲು ತೆಗೆದಿರುತ್ತದೆ, ನೀರು ಇರುತ್ತದೆ. ಇಂತಿ ನೀಲಗಂಗಮ್ಮ.’

‘ಬಹಳ ಲೇಟಾಗಿದೆ’ ಎಂಬಲ್ಲಿ ನನ್ನ ಪೆನ್ಸಿಲು ನಿಂತಿತು. ಲೇಟ್ ಆದವರ ಬಗ್ಗೆ ಅವರ ಮನೆಯವರೇ ಹಾಗೆಂದದ್ದು ನಮ್ಮ ಪತ್ರಿಕೆಯಲ್ಲಿ ಎಂದೂ ಬಂದಿರಲಿಲ್ಲ.

“ಈ ಮಾತು ಬೇಕಾ?” ಎಂದೆ.

“ತಪ್ಪಿದ್ರೆ ಹೊಡೀರಿ,” ಎಂದಳು.

ತಪ್ಪಿರಲಿಲ್ಲ. ಪರಶುರಾಮಯ್ಯನವರು ಅದನ್ನು ಓದಿ ತಲೆಗೆ ಕೈ ಹಚ್ಚಿದರು. “ಸುಳ್ಳು ಅಚ್ಚು ಹಾಕು ಅಂದ್ರೆ ಇದೇನಯ್ಯ ತಂದಿದೀಯ?” ಎಂದರು. ಆದರೂ ಹಾಕಿದರು, ನಾಲ್ಕನೆಯ ಪುಟದಲ್ಲಿ, ಹಸು ಕಳೆದುಹೋದ ಪ್ರಕಟಣೆಯ ಕೆಳಗೆ.

ಎರಡು ತಿಂಗಳು ಅವಳ ಮಿಷನ್ನಿಗೆ ಬಟ್ಟೆ ಬರಲಿಲ್ಲ. ಯಾರೂ ಬೈಯಲಿಲ್ಲ, ಕಲ್ಲೆಸೆಯಲಿಲ್ಲ. ಹೊಲಿಯಲು ಕೊಟ್ಟಿದ್ದವರು ಬಂದು, “ಹೊಲಿದಿಲ್ದಿದ್ರೆ ಹಂಗೇ ಕೊಡಮ್ಮ, ಅರ್ಜೆಂಟಿಲ್ಲ,” ಎಂದು ಬಟ್ಟೆ ಹಿಂದಕ್ಕೆ ಪಡೆದರು. ಅವಳ ಅಂಗಳದ ನಲ್ಲಿಗೆ ಕೊಡ ಹಿಡಿದು ಬರುತ್ತಿದ್ದ ಹೆಂಗಸರು ಬೀದಿಯ ಕೊನೆಯ ಬೋರಿಗೆ ಹೋದರು. ಹಸೀನಾಬಿ ಮಾತ್ರ ತನ್ನ ಏಳು ರವಿಕೆ ತಂದು ಹಾಕಿದಳು. “ನಮ್ಮೋರು ಆರು ತಿಂಗ್ಳಿಗೇ ಬಂದುಹೋದ್ರು. ನಾನು ಹೇಳೋಕೆ ಏನಿದೆ?” ಎಂದಳು. “ಆದ್ರೂ ಅಕ್ಕಾ, ಬಂದಾಗ ಮಾತ್ರ ಇಲ್ಲ ಅಂದ್ಬಿಡು. ಒಂದು ಮಾತು. ಯಾರಪ್ಪನ ಗಂಟು ಹೋಗುತ್ತೆ?”

ನೋಂದಣಿ ಕಚೇರಿಯಲ್ಲಿ ನಮ್ಮ ಮದುವೆಯಾಯಿತು. ಯಾರೂ ತಡೆಯಲಿಲ್ಲ, ಹೆಚ್ಚು ಜನ ಬರಲೂ ಇಲ್ಲ. ಅಲ್ಲಿಂದ ನೇರವಾಗಿ ಪುರಸಭೆಗೆ ಹೋಗಿ ಹೊಸ್ತಿಲ ಪುಸ್ತಕದಲ್ಲಿ ನನ್ನ ಹೆಸರನ್ನು ದರ್ಜಿ ಬೀದಿಗೆ ಬದಲಾಯಿಸಬೇಕೆಂದು ಅರ್ಜಿ ಕೊಟ್ಟೆ. ಗುಮಾಸ್ತ ಪುಟ ತೆರೆದು ಬೆರಳಿಟ್ಟು ತೋರಿಸಿದ. ಆ ಬಾಗಿಲಿಗೆ ಯಜಮಾನನ ಸಾಲು ಒಂದೇ. ಅದರಲ್ಲಿ ಲೇಟ್ ಓಂಕಾರಪ್ಪ ಎಂದಿತ್ತು. “ಅವ್ರು ಬಂದುಹೋಗ್ಲಿ ಸಾರ್, ಆಮೇಲೆ ಒಂದೇ ನಿಮಿಷದ ಕೆಲ್ಸ,” ಎಂದ. ಅವನದು ತಪ್ಪಲ್ಲ. ಹೀಗಾಗಿ ನಾನು ದರ್ಜಿ ಬೀದಿಯಲ್ಲಿ ಉಂಡು ಮಲಗುತ್ತಿದ್ದೆ, ಪುಸ್ತಕದ ಪ್ರಕಾರ ಮಾತ್ರ ಮುದ್ರಣಾಲಯದ ಮೆಟ್ಟಿಲಿನವನೇ ಆಗಿದ್ದೆ. ಆ ಅವಧಿಯಲ್ಲಿ ನನಗೆ ಎದೆಯಲ್ಲಿ ಎರಡು ಸಲ ನೋವು ಬಂತು. ಎರಡು ಸಲವೂ ಅವಳು ಮಾತ್ರೆಯನ್ನು ನನ್ನ ನಾಲಿಗೆಯ ಕೆಳಗಿಟ್ಟು, ಬಾಗಿಲಿನ ಕಡೆ ನೋಡುತ್ತ ಕೂತಳು. ಯಾರಿಗಾಗಿ ನೋಡುತ್ತಿದ್ದಾಳೆಂದು ನಾನು ಕೇಳಲಿಲ್ಲ.

ಮದುವೆಯಾಗಿ ಹದಿಮೂರು ತಿಂಗಳಾಗಿತ್ತು. ಮಧ್ಯಾಹ್ನ ಮೂರು ಹದಿನೈದು. ನೀಲಗಂಗಮ್ಮ ಅಳತೆ ತೆಗೆಯಲು ಹಸೀನಾಬಿಯ ಮನೆಗೆ ಹೋಗಿದ್ದಳು. ನಾನು ಜಗಲಿಯಲ್ಲಿ ಕೂತು ಕರಡು ತಿದ್ದುತ್ತಿದ್ದೆ. ಗೇಟಿನ ಚಿಲಕದ ಶಬ್ದವಾಯಿತು. ಬೂದುಬಣ್ಣದ ಅರ್ಧತೋಳಿನ ಶರ್ಟು, ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಚಿಕ್ಕ ಕಾಗದದ ಪೊಟ್ಟಣ. ಫೋಟೋದಲ್ಲಿ ಕಾಣುವುದಕ್ಕಿಂತ ಕುಳ್ಳು.

“ಇದು ಓಂಕಾರಪ್ಪನ ಮನೆ ಅಲ್ವಾ?” ಎಂದ.

“ಹೌದು.”

“ಬಣ್ಣ ಬದ್ಲಾಗಿದೆ. ಅದಕ್ಕೆ ಕೇಳ್ದೆ. ನೀವು?”

“ಪೇಪರ್ನೋನು,” ಎಂದೆ.

ಅವನು ಜಗಲಿಯ ತುದಿಯಲ್ಲಿ ಕೂತ. ನಾನು ಒಳಗಿಂದ ನೀರು ತಂದೆ. ಒಂದು ಹನಿಯೂ ಚೆಲ್ಲಲಿಲ್ಲ. ಆರುನೂರು ಬಾರಿ ಬರೆದ ವಿಷಯವನ್ನು ಮೊದಲ ಬಾರಿ ನೋಡುವವನಿಗೆ ಇರುವ ಒಂದು ಬಗೆಯ ಸ್ಥಿಮಿತ ಅದು. ಅವನು ಅರ್ಧ ಲೋಟ ಕುಡಿದು ಮೀಸೆ ಒರೆಸಿಕೊಂಡ.

“ಲೇಟಾಯ್ತಾ?”

ಇಲ್ಲ ಎನ್ನಬೇಕು. ಎಂದರೆ ಸುಳ್ಳಾಗುತ್ತದೆ. ಹೌದು ಎಂದರೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲ. ನಾನು ಏನೇ ಎಂದರೂ ಲೆಕ್ಕಕ್ಕಿಲ್ಲ, ಪುಸ್ತಕದ ಪ್ರಕಾರ ನಾನು ಈ ಮನೆಯವನಲ್ಲ. ಇಷ್ಟೂ ನನಗೆ ಸ್ಪಷ್ಟವಿತ್ತು. ಇವನು ಎದ್ದು ಹೋದರೆ ನನಗೆ ಈ ಬಾಗಿಲು ಸಿಗುತ್ತದೆ, ಹೋಗದಿದ್ದರೆ ಇಲ್ಲ ಎಂಬುದೂ ಸ್ಪಷ್ಟವಿತ್ತು. “ನೀರು ಕುಡೀರಿ,” ಎಂದಷ್ಟೆ ಹೇಳಿದೆ.

ಆಗ ನೀಲಗಂಗಮ್ಮ ಗೇಟಿಗೆ ಬಂದಳು. ಬಿಸಿಲು ಅವಳ ಬೆನ್ನ ಹಿಂದಿತ್ತು. ನಲವತ್ತೇಳು ವರ್ಷ, ಅರ್ಧ ಬೆಳ್ಳಗಾದ ತಲೆ, ಕನ್ನಡಕ, ಮಂಡಿನೋವಿನಿಂದ ಒಂದು ಕಡೆ ವಾಲಿದ ನಡಿಗೆ. ಅವಳ ಹಿಂದೆಯೇ ಹಸೀನಾಬಿ. ಇಬ್ಬರೂ ಅಲ್ಲೇ ನಿಂತರು.

ಓಂಕಾರಪ್ಪ ಹಿರಿಯ ಹೆಂಗಸೊಬ್ಬಳು ಬಂದಾಗ ಏಳುವಂತೆ ಎದ್ದು ನಿಂತ. ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದ:

“ಇವ್ರು ನಿಮ್ಮ ಮನೆಯವ್ರಾ?”

“ಹೌದು,” ಎಂದೆ. ಅದು ನಿಜವಾಗಿತ್ತು. ಹಾಗೆನ್ನುವಾಗ ನಾನು ಅವನ ಮುಖ ನೋಡಲಿಲ್ಲ ಎಂಬುದೂ ನಿಜ.

ಅವನು ಅವಳಿಗೆ ಹೇಳಿದ: “ಅಮ್ಮಾ, ನಮ್ಮ ನೀಲ ಒಳಗಿದಾಳಾ? ಅರ್ಧ ಗಂಟೆ ಅಂತ ಹೇಳಿದ್ದೆ. ತುಂಬ ಲೇಟಾಯ್ತಾ?”

“ಇಲ್ಲ ಅನ್ನು,” ಹಸೀನಾಬಿ ಅವಳ ಸೆರಗು ಹಿಡಿದೆಳೆದಳು. “ಇಲ್ಲ ಅನ್ನಕ್ಕಾ. ಅಲ್ಲಾನ ಆಣೆ, ಇಲ್ಲ ಅನ್ನು.”

ನೀಲಗಂಗಮ್ಮ ಕನ್ನಡಕ ತೆಗೆದಳು. ಅದನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದಳು.

“ಹ್ಞೂಂ,” ಎಂದಳು. “ಲೇಟಾಯ್ತು ರೀ.”

ಗಂಡನನ್ನಲ್ಲದೆ ಬೇರೆ ಯಾರನ್ನೂ ಆ ದನಿಯಲ್ಲಿ ‘ರೀ’ ಎನ್ನುವುದಿಲ್ಲ. ಮದುವೆಯಾಗಿ ಹದಿಮೂರು ತಿಂಗಳಾದರೂ ನಾನು ಅವಳಿಗೆ ಪೇಪರ್ನೋರೇ ಆಗಿದ್ದೆ. ಅದನ್ನು ನಾನು ಗಮನಿಸಿದ್ದೆ, ಕೇಳಿರಲಿಲ್ಲ.

ಅವನಿಗೆ ಮುಖದಿಂದ ತಿಳಿಯದಿದ್ದದ್ದು ಆ ಒಂದು ಅಕ್ಷರದಿಂದ ತಿಳಿಯಿತು. ಕೂತುಬಿಟ್ಟ. “ನೀಲಾ,” ಎಂದ. ಅದು ಪ್ರಶ್ನೆಯಾಗಿರಲಿಲ್ಲ. ಅವಳ ತಲೆಗೂದಲು, ಮಂಡಿ, ಕೈಯಲ್ಲಿದ್ದ ಅಳತೆಪಟ್ಟಿ ಎಲ್ಲವನ್ನೂ ಒಂದೊಂದಾಗಿ ನೋಡಿದ. ಆಮೇಲೆ ಪೊಟ್ಟಣ ಬಿಚ್ಚಿ ಮುಂದೆ ಹಿಡಿದ.

“ಬಿಳಿ ಗುಂಡಿ ಸಿಗಲಿಲ್ಲ. ಕೆನೆ ಬಣ್ಣದ್ದು ತಂದೆ.”

“ಪರವಾಗಿಲ್ಲ,” ಎಂದಳು. “ಬೇರೆ ಹಾಕಿ ಕೊಟ್ಟೆ. ಆ ಮಕ್ಳೆಲ್ಲ ಈಗ ದೊಡ್ಡೋರಾದ್ರು.”

“ಎಷ್ಟು ಲೇಟು?”

ಅವಳು ನನ್ನ ಕಡೆ ನೋಡಿದಳು. ನಾನು ಹೇಳಿದೆ: “ಹತ್ತೊಂಬತ್ತು ವರ್ಷ, ಒಂದು ತಿಂಗಳು, ಆರು ದಿನ. ಅದರ ಮೇಲೆ, ಗೇಟು ತೆಗೆದ ಹೊತ್ತಿಗೆ, ನಾಲ್ಕು ಗಂಟೆ ಮೂವತ್ತೈದು ನಿಮಿಷ.”

“ನಿಮಿಷದ ತನಕ ಇಟ್ಟಿದೀರಲ್ಲ.”

“ಕೆಲಸ ಅದೇ.”

ಅವನು ತಲೆಯಾಡಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಬಟ್ಟೆ ಸಾಲದೆ ಬಂದಾಗ ದರ್ಜಿಗಳು ಯೋಚಿಸುವಂತೆ ಯೋಚಿಸುತ್ತಿದ್ದ. ಎದ್ದು ಪೊಟ್ಟಣವನ್ನು ಬಾಗಿಲ ಬಳಿಯ ಮಿಷನ್ನಿನ ಮೇಲಿಟ್ಟ. ಚಕ್ರವನ್ನು ಒಮ್ಮೆ ತಿರುಗಿಸಿ ಕಿವಿಗೊಟ್ಟು, “ಎಣ್ಣೆ ಹಾಕಿದೀಯ,” ಎಂದ. ಅಂಗಳಕ್ಕಿಳಿದು ತಿರುಗಿ ನಿಂತ.

“ಬರ್ತೀನಿ,” ಎಂದ ರೂಢಿಯಂತೆ. ನಂತರ ತಡೆದು, “ಅಲ್ಲ. ಹೋಗ್ತೀನಿ,” ಎಂದ.

ಮನೆಯಿಂದ ಹೊರಡುವ ಯಾರೂ ಹಾಗೆನ್ನುವುದಿಲ್ಲ. ಅವನು ಹಾಗೆಂದು ಗೇಟು ದಾಟಿ, ಚಿಲಕ ಹಾಕಿ, ಮಾರುಕಟ್ಟೆಯ ಕಡೆ ನಡೆದ. ಬೀದಿಯ ತಿರುವಿನವರೆಗೆ ನಮಗೆ ಕಾಣುತ್ತಿದ್ದ. ಹಸೀನಾಬಿ ಗೋಡೆಗೆ ಹಣೆ ಒತ್ತಿಕೊಂಡು ಅಳುತ್ತಿದ್ದಳು. ನೀಲಗಂಗಮ್ಮ ಜಗಲಿಯ ಮೇಲೆ ಅವನು ಕೂತಿದ್ದ ಜಾಗದಲ್ಲಿ ಕೂತಳು. ಲೋಟದಲ್ಲಿ ಉಳಿದಿದ್ದ ಅರ್ಧ ನೀರನ್ನು ಎತ್ತಿ ಕುಡಿದಳು.

ನಾನು ಅಂದು ಸಂಜೆಯೇ ಬರೆದೆ. ನಮ್ಮ ನಮೂನೆಯಲ್ಲಿ ಉತ್ತರಕ್ಕೆ ಜಾಗವಿಲ್ಲ, ಏಕೆಂದರೆ ಅದು ಯಾವಾಗಲೂ ಒಂದೇ. ನಾನೊಂದು ಸಾಲು ಸೇರಿಸಿದೆ: ‘ಲೇಟಾಯಿತೇ ಎಂದು ಕೇಳಿದರು. ಲೇಟಾಯಿತು ಎಂದು ಪತ್ನಿ ತಿಳಿಸಿದರು.’ ಪರಶುರಾಮಯ್ಯನವರು ಆ ಸಾಲಿನ ಮೇಲೆ ಪೆನ್ಸಿಲು ಹಿಡಿದು ಕೂತರು.

“ಇದು ಹೋದ್ರೆ ನಾಳೆಯಿಂದ ಒಬ್ಬೊಬ್ರೂ ಯೋಚ್ನೆ ಮಾಡ್ತಾರೆ, ಗೊತ್ತಾ?” ಎಂದರು. “ನಮ್ಮಪ್ಪ ಬಂದಾಗ ನಾನೇ ಇಲ್ಲ ಅಂದಿದೀನಿ. ನಂಗೆ ಆಗ ಎಂಟು ವರ್ಷ.”

“ಹೊಡೀತೀರಾ ಸಾರ್?”

ಅವರು ಪೆನ್ಸಿಲನ್ನು ಮೇಜಿನ ಮೇಲಿಟ್ಟರು. ಪುಟ ಹಾಗೆಯೇ ಹೋಯಿತು. ‘ಪತ್ನಿ’ ಎಂಬುದು ಸರಿಯಾದ ಪದವೇ ಎಂದು ಯಾರಾದರೂ ಪತ್ರ ಬರೆಯಬಹುದೆಂದು ವಾರವಿಡೀ ಕಾದೆ. ಯಾರೂ ಬರೆಯಲಿಲ್ಲ.

ಓಂಕಾರಪ್ಪ ಬಂದುಹೋದ ಮರುದಿನ ಬೆಳಿಗ್ಗೆಯೇ ನಾವಿಬ್ಬರೂ ಪುರಸಭೆಗೆ ಹೋಗಿದ್ದೆವು. ಗುಮಾಸ್ತ ಓಂಕಾರಪ್ಪನ ಹೆಸರಿಗೆ ಮೊದಲಿದ್ದ ಪದವನ್ನು ಕೆಂಪು ಶಾಯಿಯಲ್ಲಿ ಹೊಡೆದು ‘ಬಂದುಹೋದ’ ಎಂದು ಬರೆದ. ಕೆಳಗಿನ ಸಾಲಿನಲ್ಲಿ ನನ್ನ ಹೆಸರು ಬರೆದು, ಎದುರಿನ ಜಾಗದಲ್ಲಿ ಪೆನ್ನಿಟ್ಟು, “ಉತ್ತರ ಕೊಡೋರು?” ಎಂದ.

“ನಾನೇ,” ಎಂದಳು ನೀಲಗಂಗಮ್ಮ. ರುಜು ಹಾಕಿದಳು. ಏನೆಂದು ಉತ್ತರ ಕೊಡುತ್ತೀರಿ ಎಂದು ಪುಸ್ತಕ ಕೇಳುವುದಿಲ್ಲ.

ಹಿಂದಿರುಗುವಾಗ ಅವಳು ಮಂಡಿಗಾಗಿ, ನಾನು ಎದೆಗಾಗಿ ಎರಡು ಕಡೆ ನಿಂತೆವು. ಎರಡನೆಯ ಸಲ ನಿಂತಾಗ ಅವಳು ನನ್ನ ಮುಖ ನೋಡದೆ ಹೇಳಿದಳು.

“ನೋಡಿ, ನಿಮಗೂ ನಾನು ಸುಳ್ಳು ಹೇಳಲ್ಲ. ಇನ್ನೊಂದು ಸಲ ಹತ್ತೊಂಬತ್ತು ವರ್ಷ ಕಾಯೋಕೆ ನನ್ನ ಕೈಲಾಗಲ್ಲ. ಬೇಗ ಬನ್ನಿ.”

ಅದು ನನ್ನ ಕೈಯಲ್ಲಿದೆ ಎನ್ನಲು ಯಾವ ಆಧಾರವೂ ಇರಲಿಲ್ಲ. ಆಗಲಿ, ಎಂದೆ.